ಕೊಡುವ ಕೈಯ ಹಂಗು

ಕೆಲವು ವರ್ಷಗಳ ಹಿಂದೆ ಮಗಳ ಹುಟ್ಟುಹಬ್ಬಕ್ಕೆ ಮನೆಯ ಹತ್ತಿರದ ಮಕ್ಕಳ ಆಶ್ರಮವೊಂದಕ್ಕೆ ಹೋಗಿದ್ದೆವು. ಭಾನುವಾರ. ಎರಡು ಕೆಜಿ ಕೇಕು, ನಲವತ್ತು ಪ್ಯಾಕೆಟ್ ಚಿಪ್ಸು, ಒಂದು ಕಟ್ಟು ಬಲೂನು. ಮಕ್ಕಳು ಯಾರೂ ಹೇಳದೆಯೇ ಸಾಲಾಗಿ ಕೂತರು. ಚಪ್ಪಾಳೆ ತಟ್ಟುತ್ತಾ ಹುಟ್ಟುಹಬ್ಬದ ಹಾಡು ಹಾಡಿದರು. ಹೆಸರು ಬರುವ ಜಾಗದಲ್ಲಿ ಮಾತ್ರ ಒಂದು ಕ್ಷಣ ನಿಂತು ವಾರ್ಡನ್ ಕಡೆ ನೋಡಿದರು. ಆಕೆ ಮಗಳ ಹೆಸರು ಹೇಳಿಕೊಟ್ಟರು. ಹಾಡು ಮುಂದುವರಿಯಿತು.

ಹೊರಡುವಾಗ ‘ಏನಾದರೂ ಬೇಕಿದ್ದರೆ ಹೇಳಿ’ ಅಂದೆ. ಸುಮ್ನೆ ಬಾಯಿಮಾತಿಗೆ ಅಂದದ್ದು. ಆಕೆ ತಡಮಾಡಲಿಲ್ಲ. ‘ಬೇಜಾರು ಮಾಡ್ಕೋಬೇಡಿ ಮೇಡಂ, ಇವತ್ತಿಗೆ ಇದು ಮೂರನೇ ಕೇಕು. ಹಿತ್ತಲಿನ ಎರಡು ಟಾಯ್ಲೆಟ್ ಪೈಪು ಒಡೆದು ತಿಂಗಳಾಯ್ತು. ಪ್ಲಂಬರ್ ನಾಲ್ಕು ಸಾವಿರ ಕೇಳ್ತಿದ್ದಾನೆ. ಅದಕ್ಕೆ ಯಾರೂ ಕೊಡಲ್ಲ’ ಅಂದರು.

ನನಗೆ ಮೊದಲು ಬಂದದ್ದು ಸಿಟ್ಟು. ಪ್ರೀತಿಯಿಂದ ತಂದದ್ದಕ್ಕೆ ಹೀಗಾ ಹೇಳೋದು ಅಂತ. ಮನೆಗೆ ಬಂದು ಫೋನಿನಲ್ಲಿದ್ದ ಫೋಟೊ ನೋಡಿದೆ. ಕೇಕಿನ ಹಿಂದೆ ನಾವು ಮೂವರು ನಗುತ್ತಿದ್ದೆವು. ನಮ್ಮ ಹಿಂದೆ ನಲವತ್ತು ಮಕ್ಕಳು ಪರದೆಯ ಹಾಗೆ ಇದ್ದರು. ಆ ಪ್ರೀತಿ ಯಾರ ಮೇಲಿತ್ತು ಅನ್ನುವ ಪ್ರಶ್ನೆ ಆಗ ಹುಟ್ಟಿತು.

ಬೆಂಗಳೂರು ಇವತ್ತು ದೇಶದಲ್ಲೇ ಧಾರಾಳವಾಗಿ ಕೊಡುವ ಊರುಗಳಲ್ಲಿ ಒಂದು. ಸಾವಿರಾರು ಕೋಟಿ ಬರೆದುಕೊಟ್ಟವರು ಇಲ್ಲಿದ್ದಾರೆ. ಫೋನ್ ತೆಗೆದು ನೂರು ರೂಪಾಯಿ ಕಳಿಸುವವರೂ ಇದ್ದಾರೆ. ಕೊಡುವುದಕ್ಕೆ ಕಾನೂನಿದೆ, ಆ್ಯಪ್ ಇದೆ, ವರ್ಷಕ್ಕೊಮ್ಮೆ ಅಕ್ಟೋಬರ್ 2ರಿಂದ 8ರವರೆಗೆ ‘ದಾನ್ ಉತ್ಸವ್’ ಅಂತ ಒಂದು ವಾರವೂ ಇದೆ. ಇಷ್ಟೆಲ್ಲ ಇರುವಾಗ ಹಣದ ಮೊತ್ತದ ಬಗ್ಗೆ ಮಾತು ಬೇಕಾದಷ್ಟು ನಡೆಯುತ್ತದೆ. ತೆಗೆದುಕೊಳ್ಳುವವರ ಬಗ್ಗೆ ಕಡಿಮೆ.

ಕನ್ನಡದಲ್ಲಿ ಇದಕ್ಕೊಂದು ಒಳ್ಳೆಯ ಪದ ಇದೆ: ಹಂಗು. ಸಾಲ ತೀರಿಸಬಹುದು, ಹಂಗು ತೀರುವುದಿಲ್ಲ. ‘ಹಂಗಿನ ಅರಮನೆಗಿಂತ ಗುಡಿಸಲು ಲೇಸು’ ಅಂತ ಹಳೆಯವರು ಹೇಳುತ್ತಿದ್ದದ್ದು ಬಡತನದ ಹೊಗಳಿಕೆಗಲ್ಲ. ಇನ್ನೊಬ್ಬರ ಅನ್ನ ಉಣ್ಣುವಾಗ ತಲೆ ತಗ್ಗಿಸಬೇಕಲ್ಲ, ಆ ಸಂಕಟಕ್ಕೆ. ಒಂದು ಕೊಡುಗೆಯಲ್ಲಿ ಪ್ರೀತಿ ಎಷ್ಟಿದೆ ಅಂತ ಅಳೆಯಲು ನನಗೆ ಇದೇ ಸರಿಯಾದ ಅಳತೆ ಅನ್ನಿಸುತ್ತದೆ. ಕೊಟ್ಟದ್ದು ಎಷ್ಟು ಅನ್ನುವುದಕ್ಕಿಂತ, ಕೊಟ್ಟ ಮೇಲೆ ತೆಗೆದುಕೊಂಡವರ ತಲೆಯ ಮೇಲೆ ಎಷ್ಟು ಹಂಗು ಉಳಿಯಿತು ಅಂತ ನೋಡಬೇಕು. ಈ ಅಳತೆ ಹಿಡಿದು ನಮ್ಮ ಊರನ್ನು ಒಂದು ಸುತ್ತು ನೋಡೋಣ.

ಹೆಸರಷ್ಟೇ ಉಳಿದವರು

ಸಿಟಿ ರೈಲ್ವೆ ಸ್ಟೇಷನ್ನಿನ ಎದುರು ತೋಟದಪ್ಪ ಛತ್ರ ಇದೆ. ಗುಬ್ಬಿ ತೋಟದಪ್ಪನವರು ಬೆಂಗಳೂರಿನಲ್ಲಿ ವ್ಯಾಪಾರ ಮಾಡಿ ದುಡಿದವರು. ರೈಲಿಳಿದು ಬರುವ ಪರಊರಿನವರಿಗೆ ತಂಗಲು ಜಾಗ ಇರಲಿ ಅಂತ ಕಟ್ಟಿಸಿದ ಈ ಛತ್ರ 1903ರಲ್ಲಿ ಶುರುವಾಯಿತು. ಓದಲು ಬರುವ ಹುಡುಗರಿಗೆ ಹಾಸ್ಟೆಲ್ಲನ್ನೂ ಮಾಡಿದರು. ಜಾಗ ಆರಿಸಿದ ಜಾಣತನ ನೋಡಿ. ಕತ್ತಲಲ್ಲಿ ರೈಲಿಳಿದ ಮನುಷ್ಯನಿಗೆ ಮೊದಲು ಬೇಕಾಗುವುದು ಏನು ಅಂತ ಯೋಚಿಸಿದವರು ಮಾತ್ರ ಸ್ಟೇಷನ್ ಎದುರಿಗೇ ಜಾಗ ಕೊಳ್ಳುತ್ತಾರೆ. ಅಲ್ಲಿ ತಂಗಿದವರು ತೋಟದಪ್ಪನವರ ಮನೆಗೆ ಹೋಗಿ ಕೈಮುಗಿಯಬೇಕಿರಲಿಲ್ಲ.

ಇಂಥವರು ಈ ಊರಿನಲ್ಲಿ ತುಂಬ ಜನ. ವಿ.ವಿ.ಪುರದ ತಿಂಡಿ ಬೀದಿಗೆ ಹೋಗುವವರು ‘ಸಜ್ಜನ್ ರಾವ್ ಸರ್ಕಲ್ ಹತ್ತಿರ ಇದೀನಿ’ ಅಂತ ಫೋನಿನಲ್ಲಿ ಹೇಳುತ್ತಾರೆ. ಸಜ್ಜನ್ ರಾವ್ ಯಾರು ಅಂತ ಅಲ್ಲಿ ಅವರೇಬೇಳೆ ದೋಸೆ ತಿನ್ನುವ ಹತ್ತು ಜನರನ್ನು ಕೇಳಿ. ದೇವಸ್ಥಾನ, ಛತ್ರ ಕಟ್ಟಿಸಿದ ವ್ಯಾಪಾರಿ ಅಂತ ಒಬ್ಬರು ಹೇಳಿದರೆ ಜಾಸ್ತಿ. ಟೌನ್ ಹಾಲ್‌ಗೆ ಪುಟ್ಟಣ್ಣಚೆಟ್ಟಿಯವರ ಹೆಸರಿದೆ, ಅದು ಬೋರ್ಡಿನಲ್ಲಿ ಮಾತ್ರ. ದಂಡು ಪ್ರದೇಶದಲ್ಲಿ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್ 1873ರಲ್ಲೇ ಬಡಮಕ್ಕಳಿಗಾಗಿ ಶಾಲೆ ತೆರೆದಿದ್ದರು. ಶಿವಾಜಿನಗರದ ಘೋಷಾ ಆಸ್ಪತ್ರೆ ಹಾಜಿ ಸರ್ ಇಸ್ಮಾಯಿಲ್ ಸೇಠ್ ಅವರ ಕೊಡುಗೆ. ಪರದೆಯೊಳಗಿನ ಹೆಂಗಸರು ಗಂಡಸರಿರುವ ಆಸ್ಪತ್ರೆಗೆ ಬರುವುದಿಲ್ಲ, ಬಾರದೆ ಹೆರಿಗೆಯಲ್ಲಿ ಸಾಯುತ್ತಾರೆ. ಅವರು ಬದಲಾಗಲಿ ಅಂತ ಕಾಯುವ ಬದಲು ಅವರು ಬರಬಹುದಾದ ಆಸ್ಪತ್ರೆಯನ್ನೇ ಕಟ್ಟಿಸಿದರು. ಇವತ್ತು ಅದು ಸರ್ಕಾರಿ ಆಸ್ಪತ್ರೆ. ಅಲ್ಲಿ ಹುಟ್ಟುವ ಮಕ್ಕಳಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದವರಿದ್ದಾರೆ.

ಇವರೆಲ್ಲ ಹೆಸರು ಬೇಡ ಅಂದವರಲ್ಲ. ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅನ್ನುತ್ತೇವೆ, ಆದರೆ ಹೆಸರಿನ ಕಲ್ಲು ಹಾಕಿಸಿದ ಮಾತ್ರಕ್ಕೆ ಕೊಟ್ಟದ್ದು ಕಡಿಮೆಯಾಗುವುದಿಲ್ಲ ಅಂತ ನನಗನ್ನಿಸುತ್ತದೆ. ಹೆಸರು ಕಾಲ ಕಳೆದ ಹಾಗೆ ವಿಳಾಸವಾಗಿಬಿಡುತ್ತದೆ. ಬಸ್ ಸ್ಟಾಪಿನ ಹೆಸರಾಗುತ್ತದೆ. ಬಸ್ ಸ್ಟಾಪಿಗೆ ಯಾರೂ ಋಣಿಯಾಗಿರಬೇಕಿಲ್ಲ.

ಆದರೆ ಹಳೆಯ ಕಾಲದ ಕೊಡುಗೆಗಳಿಗೂ ಒಂದು ದೊಡ್ಡ ಕಷ್ಟ ಇತ್ತು, ಅದು ಇವತ್ತಿಗೂ ಇದೆ. ಹಳೇ ಮದ್ರಾಸ್ ರಸ್ತೆಯಲ್ಲಿ ಕೆ.ಆರ್.ಪುರ ದಾಟಿದರೆ ಎಲೆ ಮಲ್ಲಪ್ಪ ಶೆಟ್ಟಿ ಕೆರೆ ಸಿಗುತ್ತದೆ. ಮಲ್ಲಪ್ಪ ಶೆಟ್ಟರು ವೀಳ್ಯದೆಲೆ ಮಾರಿ ದುಡಿದವರು, ಅದಕ್ಕೇ ಹೆಸರಿನ ಮುಂದೆ ‘ಎಲೆ’. ನೀರಿಗೆ ಬರ ಬಂದ ಕಾಲದಲ್ಲಿ ತಮ್ಮ ದುಡಿಮೆಯನ್ನು ಕೆರೆಗೆ ಸುರಿದರು. ಎಲೆಯ ಕಟ್ಟು ಎಣಿಸಿ ಎಣಿಸಿ ಕೂಡಿಟ್ಟ ದುಡ್ಡು. ಈಗ ಆ ಕೆರೆಗೆ ಊರಿನ ಕೊಳಚೆ ಸೇರುತ್ತದೆ. ಕಟ್ಟಿಸುವವರು ಸಿಗುತ್ತಾರೆ, ಕಾಯುವವರು ಸಿಗುವುದಿಲ್ಲ. ಆಶ್ರಮದ ಒಡೆದ ಪೈಪಿನ ಕಥೆಯೂ ಇದೇ. ಕೇಕು ಹೊಸದು, ಪೈಪು ಹಳೆಯದು. ಹಳೆಯದರ ರಿಪೇರಿಗೆ ಯಾರ ಹೆಸರೂ ಕೆತ್ತುವುದಿಲ್ಲವಲ್ಲ.

ಒಂದು ಮೊಟ್ಟೆಯ ಕಥೆ

ಈಗಿನ ದೊಡ್ಡ ಕೊಡುಗೈಗಳ ಬಗ್ಗೆ ಮಾತಾಡಿದರೆ ಅಜೀಂ ಪ್ರೇಮ್‌ಜಿಯವರನ್ನು ಬಿಟ್ಟು ಮಾತಾಡಲಾಗುವುದಿಲ್ಲ. ಬದುಕಿರುವಾಗ ಅಥವಾ ಉಯಿಲಿನಲ್ಲಿ ಆಸ್ತಿಯ ಅರ್ಧಕ್ಕಿಂತ ಹೆಚ್ಚನ್ನು ಕೊಟ್ಟುಬಿಡುತ್ತೇವೆ ಅಂತ ಜಗತ್ತಿನ ಶ್ರೀಮಂತರು ಮಾತು ಕೊಡುವ ‘ಗಿವಿಂಗ್ ಪ್ಲೆಜ್’ಗೆ ಸಹಿ ಹಾಕಿದ ಮೊದಲ ಭಾರತೀಯ ಅವರು, 2013ರಲ್ಲಿ. 2019ರ ಮಾರ್ಚ್‌ನಲ್ಲಿ ವಿಪ್ರೋದ ಇನ್ನೂ ಶೇ 34ರಷ್ಟು ಷೇರುಗಳ ಆದಾಯವನ್ನು ತಮ್ಮ ಫೌಂಡೇಶನ್ನಿಗೆ ಬರೆದರು. ಅಲ್ಲಿಗೆ ಕಂಪನಿಯ ಶೇ 67ರಷ್ಟು ಷೇರುಗಳ ಫಲ ಫೌಂಡೇಶನ್ನಿಗೆ ಹೋದಂತಾಯಿತು. ಒಟ್ಟು ಕೊಡುಗೆಯ ಬೆಲೆ ಆಗ ಸುಮಾರು 1.45 ಲಕ್ಷ ಕೋಟಿ ರೂಪಾಯಿ. ಆಮೇಲೆ ಇದೇ ಊರಿನ ಕಿರಣ್ ಮಜುಂದಾರ್ ಶಾ, ರೋಹಿಣಿ ಮತ್ತು ನಂದನ್ ನಿಲೇಕಣಿ, ನಿಖಿಲ್ ಕಾಮತ್ ಕೂಡ ಅದೇ ಪ್ಲೆಜ್‌ಗೆ ಸಹಿ ಹಾಕಿದರು. 2022ರಲ್ಲಿ ಸುಸ್ಮಿತಾ ಮತ್ತು ಸುಬ್ರತೋ ಬಾಗ್ಚಿ, ರಾಧಾ ಮತ್ತು ಎನ್.ಎಸ್. ಪಾರ್ಥಸಾರಥಿ ದಂಪತಿಗಳು ಆಸ್ಪತ್ರೆಗಾಗಿ ಭಾರತೀಯ ವಿಜ್ಞಾನ ಸಂಸ್ಥೆಗೆ 425 ಕೋಟಿ ಕೊಟ್ಟರು. ಟಾಟಾ ಇನ್‌ಸ್ಟಿಟ್ಯೂಟ್ ಅಂತ ಇವತ್ತಿಗೂ ಆಟೊದವರು ಕರೆಯುವ ಆ ಸಂಸ್ಥೆ ಹುಟ್ಟಿದ್ದೇ ಒಬ್ಬ ಉದ್ಯಮಿಯ ಕೊಡುಗೆ ಮತ್ತು ಮೈಸೂರು ಅರಮನೆ ಕೊಟ್ಟ ಸುಮಾರು 370 ಎಕರೆ ಜಾಗದಿಂದ.

ಇಷ್ಟು ದೊಡ್ಡ ಅಂಕಿಗಳನ್ನು ಓದಿದಾಗ ತಲೆ ಆಡಿಸಿ ಮುಂದೆ ಹೋಗುತ್ತೇವೆ. ಕಣ್ಣಿಗೆ ಕಾಣುವ ಹಾಗೆ ಇರುವುದು ಮೊಟ್ಟೆ.

ಕರ್ನಾಟಕದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಬಿಸಿಯೂಟದ ಜೊತೆ ವಾರಕ್ಕೆ ಎರಡು ದಿನ ಮೊಟ್ಟೆಯನ್ನು ಸರ್ಕಾರ ಕೊಡುತ್ತಿತ್ತು. 2024ರ ಜುಲೈನಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಉಳಿದ ನಾಲ್ಕು ದಿನದ ಮೊಟ್ಟೆ ತಾನು ಕೊಡುತ್ತೇನೆ ಅಂತ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿತು. ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ, 50 ಲಕ್ಷಕ್ಕೂ ಹೆಚ್ಚು ಮಕ್ಕಳು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು.

ಇದರಲ್ಲಿ ನನಗೆ ಇಷ್ಟವಾಗುವ ವಿಷಯ ಹಣದ್ದಲ್ಲ. ತಟ್ಟೆಯ ಮೇಲೆ ಬೀಳುವ ಮೊಟ್ಟೆಯ ಮೇಲೆ ಯಾರ ಹೆಸರೂ ಇರುವುದಿಲ್ಲ. ಸೋಮವಾರದ ಮೊಟ್ಟೆ ಸರ್ಕಾರದ್ದೋ ಫೌಂಡೇಶನ್ನಿನದ್ದೋ ಅಂತ ಮಗುವಿಗೆ ಗೊತ್ತಾಗುವುದಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಎಲ್ಲರ ತಟ್ಟೆಗೂ ಬೀಳುವುದರಿಂದ ‘ಬಡವರ ಮೊಟ್ಟೆ’ ಅನ್ನುವುದೂ ಇಲ್ಲ. ಅದು ಶಾಲೆಯ ಊಟ, ಅಷ್ಟೆ. 2001ರಲ್ಲಿ ಸುಪ್ರೀಂ ಕೋರ್ಟ್ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಲೇಬೇಕು ಅಂತ ಆದೇಶ ಮಾಡಿದ ಮೇಲೆ, 2013ರ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ, ಆ ಊಟ ಮಕ್ಕಳ ಹಕ್ಕು. ಹಕ್ಕಿನ ಹಿಂದೆ ನಿಂತು ದುಡ್ಡು ಹಾಕಿದರೆ ಹಂಗು ಹುಟ್ಟುವುದೇ ಇಲ್ಲ.

ಮೊಟ್ಟೆಗೆ ಇನ್ನೊಂದು ಮುಖ ಇದೆ. ಕೊಡುವವರ ರುಚಿಯೋ, ತಿನ್ನುವವರ ಹಸಿವೋ ಅನ್ನುವ ಜಗಳ. 2021ರ ಡಿಸೆಂಬರ್‌ನಲ್ಲಿ ಅಪೌಷ್ಟಿಕತೆ ಹೆಚ್ಚಿರುವ ಉತ್ತರದ ಜಿಲ್ಲೆಗಳ ಶಾಲೆಗಳಲ್ಲಿ ಸರ್ಕಾರ ಮೊಟ್ಟೆ ಶುರು ಮಾಡಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಆಗ ಗಂಗಾವತಿಯ ಶಾಲೆಯೊಂದರ ಹುಡುಗಿ ಕ್ಯಾಮೆರಾ ಮುಂದೆ ನಿಂತು, ಮೊಟ್ಟೆ ನಿಲ್ಲಿಸಿದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಅಂತ ಗದರಿದ ವಿಡಿಯೊ ಎಲ್ಲ ಕಡೆ ಓಡಾಡಿತು. ಅಷ್ಟು ದಿನ ದೊಡ್ಡವರು ಮಕ್ಕಳ ಬಗ್ಗೆ ಮಾತಾಡುತ್ತಿದ್ದರು. ಮೊದಲ ಸಲ ತಿನ್ನುವವಳೇ ಮಾತಾಡಿದಳು. ಆ ಹುಡುಗಿಯ ದನಿಯಲ್ಲಿ ಹಂಗಿನ ಸುಳಿವೂ ಇರಲಿಲ್ಲ, ಕಂಡಿರಾ?

ಇದರ ಪಕ್ಕದಲ್ಲಿ, ಶಾಲೆಗಳಿಗೆ ಬಿಸಿಯೂಟ ಒದಗಿಸುವ ‘ಅಕ್ಷಯ ಪಾತ್ರ’ ಸಂಸ್ಥೆಯನ್ನು ಇಟ್ಟು ನೋಡಬೇಕು. 2000ನೇ ಇಸವಿಯಲ್ಲಿ ಬೆಂಗಳೂರಿನ ಐದು ಶಾಲೆಗಳ 1,500 ಮಕ್ಕಳಿಗೆ ಊಟ ಹಾಕುತ್ತಾ ಶುರುವಾದದ್ದು ಈಗ ದೇಶದ ಬೇರೆ ಬೇರೆ ರಾಜ್ಯಗಳಲ್ಲಿ ಹರಡಿದೆ. ಅವರ ಅಡುಗೆಮನೆ ನೋಡಿದವರಿಗೆ ಶುಚಿ, ಶಿಸ್ತಿನ ಬಗ್ಗೆ ದೂರು ಇರುವುದಿಲ್ಲ. ಆದರೆ ಅವರು ಈರುಳ್ಳಿ, ಬೆಳ್ಳುಳ್ಳಿ ಹಾಕುವುದಿಲ್ಲ, ಮೊಟ್ಟೆ ಕೊಡುವುದಿಲ್ಲ. ಮನೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆಯ ಸಾರು ಉಂಡು ಬೆಳೆದ ಮಗುವಿಗೆ ಈ ಸಾರು ಸಪ್ಪೆ, ಮಕ್ಕಳು ಕಡಿಮೆ ತಿನ್ನುತ್ತಾರೆ ಅಂತ ಆಹಾರ ಹಕ್ಕಿನ ಹೋರಾಟಗಾರರು ವಾದ ಮಾಡಿದರು. ಪೋಷಕಾಂಶದ ಲೆಕ್ಕ ಸರಿಯಾಗಿದೆ ಅಂತ ಸಂಸ್ಥೆಯ ವಾದ. ಲೆಕ್ಕ ಸರಿ ಇರಬಹುದು. ಸಾವಿರಾರು ಮಕ್ಕಳ ಹೊಟ್ಟೆ ತುಂಬಿಸಿದವರನ್ನು ಸುಮ್ನೆ ಬೈಯುವುದು ನನ್ನ ಕೆಲಸ ಅಲ್ಲ. ಆದರೂ ನೆಂಟರ ಮನೆಯಲ್ಲಿ ಊಟಕ್ಕೆ ಕೂತಾಗ ಬಡಿಸುವವರು ‘ನಿಮಗೇನು ಇಷ್ಟ?’ ಅಂತ ಕೇಳುತ್ತಾರಲ್ಲ, ಆ ಪ್ರಶ್ನೆಯನ್ನು ಶಾಲೆಯ ಮಗುವಿಗೆ ಯಾಕೆ ಕೇಳಬಾರದು?

ಇಲ್ಲಿ ಇನ್ನೊಂದು ಮಾತು. ದೊಡ್ಡದಾಗಿ ಕೊಡುವವರ ಬಗ್ಗೆ ನಮ್ಮ ನಿರೀಕ್ಷೆಯೂ ವಿಚಿತ್ರ. 2025ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಟ್ರಾಫಿಕ್ ತಾಳಲಾರದೆ, ಸರ್ಜಾಪುರದ ವಿಪ್ರೋ ಕ್ಯಾಂಪಸ್ಸಿನೊಳಗೆ ವಾಹನ ಬಿಡಿ ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ಪ್ರೇಮ್‌ಜಿಯವರಿಗೆ ಪತ್ರ ಬರೆದರು. ಅದು ಖಾಸಗಿ ಜಾಗ, ಆಗುವುದಿಲ್ಲ, ಬೇಕಿದ್ದರೆ ತಜ್ಞರ ಅಧ್ಯಯನದ ಖರ್ಚಿನ ದೊಡ್ಡ ಪಾಲು ಕೊಡುತ್ತೇವೆ ಅಂತ ಉತ್ತರ ಬಂತು. ‘ಅಷ್ಟು ದಾನ ಮಾಡುವವರು ರಸ್ತೆ ಬಿಡಲಿಲ್ಲ’ ಅಂತ ಕೆಲವರು ಗೊಣಗಿದರು. ಕೊಟ್ಟವರು ಇನ್ನೂ ಕೊಡಬೇಕು ಅನ್ನುವುದು ಹಂಗನ್ನು ತಿರುಗಿಸಿ ಹಾಕಿದ ಹಾಗೆ. ರಸ್ತೆ ಮಾಡುವುದು ಸರ್ಕಾರದ ಕೆಲಸ, ಅದಕ್ಕೆ ನಾವು ತೆರಿಗೆ ಕಟ್ಟಿದ್ದೇವೆ.

ಕಾನೂನು ಕೊಡಿಸುವ ದಾನ

ಕಂಪನಿಗಳ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಖರ್ಚಿನ ಬಗ್ಗೆ ಹೇಳದಿದ್ದರೆ ಬೆಂಗಳೂರಿನ ಚಿತ್ರ ಅರ್ಧ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ವರ್ಷಕ್ಕೆ 5 ಕೋಟಿ ನಿವ್ವಳ ಲಾಭ, ಅಥವಾ 1,000 ಕೋಟಿ ವಹಿವಾಟು, ಅಥವಾ 500 ಕೋಟಿ ನಿವ್ವಳ ಮೌಲ್ಯ ಇರುವ ಕಂಪನಿ, ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಖರ್ಚಾಗದೆ ಉಳಿದರೆ ಸರ್ಕಾರ ಹೆಸರಿಸಿದ ನಿಧಿಗೆ ಹಾಕಬೇಕು, ಇಲ್ಲವೇ ನಡೆಯುತ್ತಿರುವ ಯೋಜನೆಯ ಹೆಸರಿನಲ್ಲಿ ಬೇರೆ ಖಾತೆಯಲ್ಲಿಡಬೇಕು.

ಕಾನೂನಿನಿಂದ ಕೊಡುವುದರಲ್ಲಿ ಪ್ರೀತಿ ಎಲ್ಲಿ ಅಂತ ಕೇಳಬಹುದು. ನನಗೆ ಅದು ದೊಡ್ಡ ತಕರಾರು ಅನ್ನಿಸುವುದಿಲ್ಲ. ಮುಸ್ಲಿಮರ ಝಕಾತ್ ಕೂಡ ಲೆಕ್ಕದ್ದೇ, ಉಳಿತಾಯದ ಶೇ 2.5. ಲೆಕ್ಕ ಇದ್ದರೆ ಕೊಡುವವನಿಗೆ ‘ನಾನು ಕೊಟ್ಟೆ’ ಅನ್ನುವ ಜಂಬ ಕಡಿಮೆ. ತೆಗೆದುಕೊಳ್ಳುವವನಿಗೆ ‘ಇದು ನನಗೆ ಸೇರಬೇಕಾದದ್ದು’ ಅನ್ನುವ ಧೈರ್ಯ ಜಾಸ್ತಿ. ಸಿಎಸ್‌ಆರ್‌ನ ತೊಂದರೆ ಬೇರೆ ಕಡೆ ಇದೆ.

ಕಂಪನಿ ತನ್ನ ಸುತ್ತಮುತ್ತಲ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಅಂತ ಕಾನೂನೇ ಹೇಳುತ್ತದೆ. ಕಂಪನಿಗಳು ಇರುವುದು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದಲ್ಲಿ. ಯಾದಗಿರಿಯಲ್ಲಿ ಅಲ್ಲ, ರಾಯಚೂರಿನ ದೇವದುರ್ಗದಲ್ಲಿ ಅಲ್ಲ. ಹಣ ಎಲ್ಲಿ ಹರಿಯುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಬೆಂಗಳೂರಿನ ಒಂದೇ ಶಾಲೆಗೆ ಎರಡು ಕಂಪನಿ ಬಣ್ಣ ಹೊಡೆಸಿದ್ದನ್ನು ನೋಡಿದ್ದೇನೆ. ಮೊದಲನೆಯವರ ಬಣ್ಣ ಇನ್ನೂ ಚೆನ್ನಾಗಿತ್ತು.

ಒಳ್ಳೆಯದೂ ಆಗಿದೆ. 2017ರಲ್ಲಿ ಆನೇಕಲ್ ಕಡೆಯ ಕ್ಯಾಲಸನಹಳ್ಳಿ ಕೆರೆಯನ್ನು, 36 ಎಕರೆಯ ಒಣ ಹೊಂಡವನ್ನು, ಆನಂದ್ ಮಲ್ಲಿಗವಾಡ್ ಅವರು ತಾವು ಕೆಲಸ ಮಾಡುತ್ತಿದ್ದ ಕಂಪನಿಯ ಸಿಎಸ್‌ಆರ್ ಹಣದಲ್ಲೇ ಹೂಳೆತ್ತಿಸಿ ಮತ್ತೆ ತುಂಬುವ ಹಾಗೆ ಮಾಡಿದರು. ಅಲ್ಲಿ ಹಣದ ಜೊತೆ ಒಬ್ಬ ಮನುಷ್ಯನ ಹುಚ್ಚು ಸೇರಿತ್ತು. ಆ ಹುಚ್ಚಿಗೆ ಬಜೆಟ್ಟಿನಲ್ಲಿ ಕಾಲಂ ಇರುವುದಿಲ್ಲ.

ಸ್ವಯಂಸೇವಾ ಸಂಸ್ಥೆಗಳಲ್ಲಿ ಕೆಲಸ ಮಾಡುವ ಗೆಳೆಯರನ್ನು ಕೇಳಿದರೆ ಅವರ ಹಂಗಿನ ಕಥೆ ಬೇರೆ. ಹಣ ಒಂದು ವರ್ಷಕ್ಕೆ ಬರುತ್ತದೆ, ಆಮೇಲೆ ‘ನೋಡೋಣ’. ಲ್ಯಾಪ್‌ಟಾಪ್ ಕೊಡಿಸುತ್ತಾರೆ, ಅದನ್ನು ಕಲಿಸುವ ಟೀಚರ್ ಸಂಬಳಕ್ಕೆ ಕೊಡುವುದಿಲ್ಲ. ಉದ್ಘಾಟನೆಗೆ ಬಂದ ಇಪ್ಪತ್ತು ಉದ್ಯೋಗಿಗಳಿಗೆ ಟೀ ಶರ್ಟು, ಊಟ, ಬ್ಯಾನರು ಮಾತ್ರ ಪಕ್ಕಾ. ವಿದೇಶದಿಂದ ಬರುವ ದೇಣಿಗೆಯ ಕಾನೂನು 2020ರಲ್ಲಿ ಬಿಗಿಯಾದ ಮೇಲೆ ಆಡಳಿತದ ಖರ್ಚಿಗೆ ಶೇ 20 ಮಾತ್ರ ಬಳಸಬಹುದು. ಮೊದಲು ಶೇ 50 ಇತ್ತು. ಒಂದು ಸಂಸ್ಥೆ ಪಡೆದದ್ದನ್ನು ಇನ್ನೊಂದು ಸಣ್ಣ ಸಂಸ್ಥೆಗೆ ಹಂಚುವ ಹಾಗೂ ಇಲ್ಲ. ಹೀಗಾಗಿ ಹಳ್ಳಿಯ ಸಣ್ಣ ಸಂಘಗಳು ಊರಿನ ಕಂಪನಿಗಳ ಬಾಗಿಲಿಗೆ ಬರುತ್ತವೆ, ಇಂಗ್ಲಿಷಿನಲ್ಲಿ ಪ್ರೆಸೆಂಟೇಶನ್ ಮಾಡಬೇಕಾಗುತ್ತದೆ. ಚೆನ್ನಾಗಿ ಕೆಲಸ ಮಾಡುವವರಿಗಿಂತ ಚೆನ್ನಾಗಿ ಸ್ಲೈಡ್ ಮಾಡುವವರಿಗೆ ಹಣ ಸಿಗುತ್ತದೆ ಅಂತ ಅವರೆಲ್ಲ ಒಂದೇ ಮಾತು ಹೇಳುತ್ತಾರೆ.

ಇದಕ್ಕೆ ಪರಿಹಾರವಾಗಿ ಬಂದ ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜ್ ಬಗ್ಗೆ ಎರಡು ಮಾತು. ಸೇವಾ ಸಂಸ್ಥೆಗಳು ಷೇರುಪೇಟೆಯಲ್ಲಿ ನೋಂದಣಿ ಮಾಡಿಕೊಂಡು ಬಾಂಡ್ ಹಾಗೆ ಕಾಣುವ ಪತ್ರ ಬಿಡುಗಡೆ ಮಾಡುತ್ತವೆ. ಬಡ್ಡಿ ಇಲ್ಲ, ಅಸಲೂ ವಾಪಸ್ ಬರುವುದಿಲ್ಲ. ಅಂದರೆ ದಾನವೇ, ಲೆಕ್ಕಪತ್ರ ಮಾತ್ರ ಬಿಗಿ. 2023ರ ಡಿಸೆಂಬರ್‌ನಲ್ಲಿ ದೇಶದಲ್ಲೇ ಮೊದಲು ಇಂಥ ಪತ್ರ ಪಟ್ಟಿ ಮಾಡಿದ್ದು ಬೆಂಗಳೂರಿನ ಉನ್ನತಿ ಫೌಂಡೇಶನ್. ಇನ್ನೂ ಜನಸಾಮಾನ್ಯರ ಬಾಯಿಗೆ ಬಂದಿಲ್ಲ.

ಅಳುವ ಮಗುವಿನ ಫೋಟೊ

ಇನ್ನು ಫೋನಿನ ದಾನ. ಆ್ಯಪ್‌ಗಳ ಮೂಲಕ ಚಿಕಿತ್ಸೆಗೆ ಹಣ ಕೂಡಿಸುವ ಮಿಲಾಪ್ 2010ರಲ್ಲಿ ಇದೇ ಊರಿನಲ್ಲಿ ಶುರುವಾದ ಕಂಪನಿ. ಸಾವಿರಾರು ಕುಟುಂಬಗಳು ಇಂಥ ಆ್ಯಪ್‌ಗಳಿಂದ ಉಳಿದುಕೊಂಡಿವೆ, ಅದನ್ನು ಅಲ್ಲಗಳೆಯುವ ಹಾಗಿಲ್ಲ. ಎಸ್‌ಎಂಎ ಅನ್ನುವ, ಮಕ್ಕಳ ಸ್ನಾಯುಗಳ ಶಕ್ತಿ ಕುಂದಿಸುವ ಕಾಯಿಲೆಯ ಹೆಸರು ಸಾಮಾನ್ಯ ಜನಕ್ಕೆ ಗೊತ್ತಾದದ್ದೇ ಇಂಥ ಮನವಿಗಳಿಂದ. ಅದಕ್ಕೆ ಒಂದು ಡೋಸ್ ಔಷಧಿಗೆ ಸುಮಾರು 16 ಕೋಟಿ ರೂಪಾಯಿ. ಅಪರೂಪದ ಕಾಯಿಲೆಗಳಿಗೆ ಸರ್ಕಾರ ಕೊಡುವ ನೆರವಿನ ಮಿತಿ ಒಬ್ಬ ರೋಗಿಗೆ 50 ಲಕ್ಷ. ನಡುವಿನ ಹದಿನೈದೂವರೆ ಕೋಟಿ ಎಲ್ಲಿಂದ ಬರಬೇಕು? ಅಪ್ಪ ಅಮ್ಮ ಮಗುವಿನ ಫೋಟೊ ಹಿಡಿದು ಊರಿನ ಮುಂದೆ ನಿಲ್ಲಬೇಕು.

ಹಂಗು ಅತಿ ಜಾಸ್ತಿಯಾಗುವುದು ಇಲ್ಲಿ. ಮೂಗಿಗೆ ಪೈಪು ಹಾಕಿದ ಮಗು, ಅಳುತ್ತಿರುವ ತಾಯಿ, ಎಣಿಸಿ ಇಳಿಯುತ್ತಿರುವ ದಿನಗಳು. ನೋಡುವವರ ಮನಸ್ಸು ಕರಗಬೇಕಾದರೆ ಅಷ್ಟು ತೋರಿಸಲೇಬೇಕು. ಮುದ್ದಾದ ಮಗುವಿಗೆ ಬೇಗ ದುಡ್ಡು ಬರುತ್ತದೆ. ಐವತ್ತು ದಾಟಿದ, ಮುಖ ಬಾಡಿದ ಗಾರೆ ಕೆಲಸದವನ ಡಯಾಲಿಸಿಸ್‌ಗೆ ಬರುವುದಿಲ್ಲ. ಇಂಗ್ಲಿಷ್ ಬರೆಯಬಲ್ಲ, ಆಫೀಸಿನ ವಾಟ್ಸ್‌ಆ್ಯಪ್ ಗುಂಪು ಇರುವ ನೆಂಟರಿದ್ದವರಿಗೆ ಗುರಿ ಮುಟ್ಟುತ್ತದೆ. ಕರುಣೆಗೂ ಒಂದು ಸಂತೆ ಇದೆ ಅನ್ನುವುದು ಕಹಿಯಾದರೂ ನಿಜ. ಕ್ಲಿಕ್ ಮಾಡುವ ನಮ್ಮ ಪ್ರೀತಿ ಸುಳ್ಳಲ್ಲ. ಆದರೆ ಅದು ಕಣ್ಣಿಗೆ ಬಿದ್ದವರ ಮೇಲಿನ ಪ್ರೀತಿ, ಕಣ್ಣಿಗೆ ಬೀಳದವರನ್ನು ಅದು ಹುಡುಕಿಕೊಂಡು ಹೋಗುವುದಿಲ್ಲ.

ಫೋಟೊದ ವಿಷಯದಲ್ಲಿ ಒಂದು ಕಾನೂನು ಬಹಳ ಜನಕ್ಕೆ ಗೊತ್ತಿಲ್ಲ. ನನಗೂ ಕೇಕಿನ ದಿನ ಗೊತ್ತಿರಲಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ, ಪಾಲನೆ ಮತ್ತು ರಕ್ಷಣೆ ಬೇಕಾದ ಮಗುವಿನ ಗುರುತು ಗೊತ್ತಾಗುವ ಹಾಗೆ ಹೆಸರು, ವಿಳಾಸ, ಶಾಲೆ ಅಥವಾ ಚಿತ್ರವನ್ನು ಮಾಧ್ಯಮದಲ್ಲಿ ಪ್ರಕಟಿಸುವಂತಿಲ್ಲ. ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಭಾನುವಾರ ಸಂಜೆ ಸ್ಟೇಟಸ್ಸಿನಲ್ಲಿ ಎಷ್ಟು ಆಶ್ರಮದ ಮಕ್ಕಳ ಮುಖ ಬರುತ್ತವೆ ಅಂತ ಒಮ್ಮೆ ಲೆಕ್ಕ ಹಾಕಿ.

ತೆರಿಗೆಯ ಬಗ್ಗೆಯೂ ಸ್ವಲ್ಪ. ದೇಣಿಗೆ ಕೇಳಲು ಬರುವವರು ಹಿಂದೆ ‘80ಜಿ ರಸೀದಿ ಕೊಡ್ತೀವಿ ಸಾರ್’ ಅಂತ ಮೊದಲೇ ಹೇಳುತ್ತಿದ್ದರು. ಆ ರಸೀದಿಯಿಂದ ಸಿಗುವ ತೆರಿಗೆ ರಿಯಾಯಿತಿ ಹಳೆಯ ತೆರಿಗೆ ಪದ್ಧತಿಯವರಿಗೆ ಮಾತ್ರ. ಅಲ್ಲೂ 2,000 ರೂಪಾಯಿ ಮೀರಿದ ನಗದಿಗೆ ಇಲ್ಲ. 2023-24ರಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯವಾಗುತ್ತದೆ, ಅದರಲ್ಲಿ ಈ ರಿಯಾಯಿತಿ ಇಲ್ಲ. ಹಾಗಾಗಿ ಐಟಿ ಕಂಪನಿಯ ಹುಡುಗ ಹುಡುಗಿಯರಲ್ಲಿ ಬಹಳ ಜನಕ್ಕೆ ಈಗ ಕೊಟ್ಟದ್ದರಿಂದ ತೆರಿಗೆ ಉಳಿಯುವುದಿಲ್ಲ. ಸಂಸ್ಥೆಗಳಿಗೆ ಇದು ಆತಂಕ. ನನಗೆ ಕುತೂಹಲ. ಮಾರ್ಚ್ ತಿಂಗಳ ಲೆಕ್ಕ ಹೋದ ಮೇಲೂ ಕೊಡುವವರು ಎಷ್ಟು ಜನ ಉಳಿಯುತ್ತಾರೆ, ಅವರು ಯಾಕೆ ಕೊಡುತ್ತಾರೆ?

ಅಪ್ಪು ಕೊಟ್ಟದ್ದು

ಯಾಕೆ ಕೊಡುತ್ತಾರೆ ಅನ್ನುವುದಕ್ಕೆ ನಾನು ನೋಡಿದ ಒಳ್ಳೆಯ ಉತ್ತರ 2021ರ ಅಕ್ಟೋಬರ್ ಕೊನೆಯದು. ಆ ತಿಂಗಳ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡರು, 46 ವರ್ಷಕ್ಕೆ. 2006ರಲ್ಲಿ ಅಪ್ಪ ರಾಜ್‌ಕುಮಾರ್ ಅವರ ಕಣ್ಣು ದಾನವಾಗಿತ್ತು, ಮಗನದ್ದೂ ಆಯಿತು. ನಾರಾಯಣ ನೇತ್ರಾಲಯದ ವೈದ್ಯರು ಕಾರ್ನಿಯಾವನ್ನು ಮೇಲ್ಪದರ, ಒಳಪದರ ಅಂತ ಬಿಡಿಸಿ, ಎರಡು ಕಣ್ಣಿನಿಂದ ನಾಲ್ಕು ಜನರಿಗೆ ಬೆಳಕು ಕೊಟ್ಟರು. ಆಮೇಲಿನ ದಿನಗಳಲ್ಲಿ ಕಣ್ಣು ಕೊಡುತ್ತೇವೆ ಅಂತ ಹೆಸರು ಬರೆಸಲು ರಾಜ್ಯದಲ್ಲೆಲ್ಲ ಜನ ಮುಗಿಬಿದ್ದರು. ಅಪ್ಪು ಎಷ್ಟು ಶಾಲೆ ನಡೆಸುತ್ತಿದ್ದರು, ಎಷ್ಟು ಗೋಶಾಲೆ ಅಂತ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ ಪಟ್ಟಿಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಮೈಸೂರಿನ ಶಕ್ತಿಧಾಮದ ಹೆಣ್ಣುಮಕ್ಕಳ ಜೊತೆ ಆ ಮನೆಯವರ ನಂಟು ಎಲ್ಲರಿಗೂ ಗೊತ್ತಿರುವುದೇ, ಅಷ್ಟು ಸಾಕು.

ಕಣ್ಣಿನ ದಾನ ನನಗೆ ವಿಶೇಷ ಅನ್ನಿಸುವುದು ಬೇರೆ ಕಾರಣಕ್ಕೆ. ಸತ್ತ ಮೇಲೆ ಆರು ಗಂಟೆಯೊಳಗೆ ತೆಗೆಯಬೇಕು, ಆ ಹೊತ್ತಿನಲ್ಲಿ ಮನೆಯವರು ಅಳುತ್ತಾ ಫೋನ್ ಮಾಡಬೇಕು. ಫೋನ್ ಮಾಡುವವರಿಗೆ ಅದು ಯಾರಿಗೆ ಹೋಗುತ್ತದೆ ಅಂತ ಗೊತ್ತಿಲ್ಲ. ನೇತ್ರ ಬ್ಯಾಂಕಿನವರು ಹೇಳುವುದೂ ಇಲ್ಲ. ಕಣ್ಣು ಬಂದವರಿಗೆ ಯಾರ ಮನೆಗೆ ಹೋಗಿ ಕೈಮುಗಿಯಬೇಕು ಅಂತ ಗೊತ್ತಿರುವುದಿಲ್ಲ. ಕೈಮುಗಿಯಬೇಕಾಗಿಯೂ ಇಲ್ಲ.

ಇನ್ನು ಮನೆಯೊಳಗಿನ ದಾನ. ನಮ್ಮ ಮನೆಗಳಲ್ಲಿ ಕೆಲಸದವರಿಗೆ ಹಳೆ ಸೀರೆ ಕೊಡುತ್ತೇವೆ. ಉಳಿದ ಸಾಂಬಾರು ಕೊಡುತ್ತೇವೆ. ಶಾಲೆಯ ಫೀಸಿಗೆ ಐದು ಸಾವಿರ ಕೊಟ್ಟು ‘ವಾಪಸ್ ಬೇಡ’ ಅನ್ನುತ್ತೇವೆ. ಇದೆಲ್ಲ ಪ್ರೀತಿಯಿಂದಲೇ. ಆದರೆ ವಾರಕ್ಕೊಂದು ರಜೆ ಕೇಳಿದರೆ ಮುಖ ಗಂಟಾಗುತ್ತದೆ. ಮನೆಗೆಲಸದವರಿಗೆ ಕನಿಷ್ಠ ವೇತನ ನಿಗದಿ ಮಾಡಿದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು, 2004ರಲ್ಲಿ. ಎಷ್ಟು ಮನೆಗಳಿಗೆ ಆ ಅಂಕಿ ಗೊತ್ತು? ಮನೆಗೆಲಸದವರ ಭದ್ರತೆಗೆ ಸರ್ಕಾರ 2025ರಲ್ಲಿ ಕರಡು ಮಸೂದೆ ತಂದಾಗ ನಮ್ಮ ಲೇಔಟಿನ ಗುಂಪಿನಲ್ಲಿ ಬಂದ ಮೊದಲ ಮೆಸೇಜು, ‘ನಾವು ಅವರನ್ನ ಮನೆಯವರ ಥರ ನೋಡ್ಕೊಳ್ತೀವಿ, ಕಾನೂನು ಯಾಕೆ?’ ಅಂತ. ಮನೆಯವರ ಥರ ಅನ್ನುವುದರಲ್ಲಿ ಹಂಗು ಎಷ್ಟು ಜಾಣತನದಿಂದ ಕೂತಿದೆ ನೋಡಿ. ಸಂಬಳ ಕೇಳಬಹುದು, ಜಾಸ್ತಿ ಮಾಡಿ ಅಂತ ಜಗಳ ಮಾಡಬಹುದು. ಪ್ರೀತಿಯನ್ನು ಕೇಳಲಾಗುವುದಿಲ್ಲ, ಕೊಟ್ಟಷ್ಟು ತೆಗೆದುಕೊಳ್ಳಬೇಕು.

ಕೊಡುವವರಿಗೆ ಇದೆಲ್ಲ ಕೇಳಿದರೆ ಬೇಸರವಾಗಬಹುದು. ‘ಕೊಟ್ಟರೂ ತಪ್ಪಾ?’ ಅಂತ. ನನ್ನ ಅತ್ತೆ ಇದನ್ನು ಓದಿ ಅದನ್ನೇ ಕೇಳಿದರು. ಅವರು ಪ್ರತಿ ರಾಮನವಮಿಗೆ ಗೇಟಿನ ಮುಂದೆ ಟೇಬಲ್ ಹಾಕಿ ಪಾನಕ, ಮಜ್ಜಿಗೆ, ಕೋಸಂಬರಿ ಕೊಡುತ್ತಾರೆ. ಡೆಲಿವರಿ ಹುಡುಗ, ಕಸದ ಗಾಡಿಯವರು, ಕಾರಿನವರು ಎಲ್ಲರಿಗೂ ಅದೇ ಲೋಟ. ‘ತಪ್ಪಲ್ಲ ಅತ್ತೆ, ನೀವು ಮಾಡೋದೇ ಸರಿ’ ಅಂದೆ. ‘ಹಾಗಾದ್ರೆ ಇಷ್ಟು ಉದ್ದ ಯಾಕೆ ಬರೆದೆ?’ ಅಂದರು.

ಆಶ್ರಮಕ್ಕೆ ನಾವು ಈಗ ಕೇಕು ತೆಗೆದುಕೊಂಡು ಹೋಗುವುದಿಲ್ಲ. ತಿಂಗಳಿಗೆ ಇಷ್ಟು ಅಂತ ಕಳಿಸುತ್ತೇವೆ, ಯಾವುದಕ್ಕೆ ಅಂತ ಕೇಳುವುದಿಲ್ಲ. ಮಗಳು ಒಂದೆರಡು ಸಲ ಗಣಿತ ಹೇಳಿಕೊಡಲು ಹೋಗಿದ್ದಳು. ಅಲ್ಲಿನ ಹುಡುಗಿಯೊಬ್ಬಳು ಅವಳಿಗಿಂತ ಚೆನ್ನಾಗಿ ಲೆಕ್ಕ ಮಾಡುತ್ತಾಳೆ ಅಂತ ಮುಖ ಸಣ್ಣ ಮಾಡಿಕೊಂಡು ಬಂದಳು. ಹೋದ ವಾರ ವಾರ್ಡನ್ ಅಮ್ಮನಿಂದ ಮೆಸೇಜ್ ಬಂತು. ಈ ಸಲ ಬೋರ್‌ವೆಲ್ ಮೋಟಾರ್ ಸುಟ್ಟಿದೆ, ರಿವೈಂಡಿಂಗ್ ಮಾಡಿಸಬೇಕು. ಅಂಗಡಿಯವನು ಕೊಟ್ಟ ಬಿಲ್ಲಿನ ಫೋಟೊ ಹಾಕಿದ್ದರು. ಮಕ್ಕಳ ಫೋಟೊ ಇರಲಿಲ್ಲ.